ಅದೇ ಹಡಗು, ಎರಡು ಮಾರ್ಕ್ಸ್: ಕ್ರೂಸ್ ರೇಟಿಂಗ್ ಓದುವುದು ಹೇಗೆ?

ಕ್ರೂಸ್ ಹೋಗಬೇಕು ಅಂತ ಇಂಟರ್‌ನೆಟ್ ಮುಂದೆ ಕೂತವರಿಗೆ ಅರ್ಧ ಗಂಟೆಯಲ್ಲೇ ತಲೆ ಕೆಡುತ್ತದೆ. ಹಡಗು ನೋಡಿ ಬಂದ ತಜ್ಞರು ಅದಕ್ಕೆ ಐದರಲ್ಲಿ ನಾಲ್ಕೂವರೆ ಕೊಟ್ಟಿರುತ್ತಾರೆ. ಸ್ವಲ್ಪ ಕೆಳಗೆ ಬಂದರೆ, ಅದೇ ಹಡಗಿನಲ್ಲಿ ಹೋಗಿ ಬಂದ ಪ್ರಯಾಣಿಕರೊಬ್ಬರು ಒಂದೇ ಸ್ಟಾರ್ ಕೊಟ್ಟು ‘ದುಡ್ಡು ದಂಡ’ ಎಂದು ಬರೆದಿರುತ್ತಾರೆ. ಅವರ ಕೆಳಗೇ ಇನ್ನೊಬ್ಬರು, ‘ಇಂಥ ವಾರ ಮತ್ತೆ ಸಿಗಲ್ಲ’ ಎಂದು ಐದಕ್ಕೆ ಐದು. ಮೂವರಲ್ಲಿ ಯಾರನ್ನು ನಂಬೋದು?

ಹೆಚ್ಚಿನ ಸಲ ಮೂವರನ್ನೂ ನಂಬಬಹುದು. ಯಾರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಾರೆ. ‘ಈ ಹಡಗು ಉಳಿದ ಹಡಗುಗಳ ಪಕ್ಕದಲ್ಲಿ ನಿಂತರೆ ಹೇಗೆ ಕಾಣುತ್ತದೆ?’ ಎನ್ನುವುದು ತಜ್ಞರ ಪ್ರಶ್ನೆ. ‘ನಾನು ಕೊಟ್ಟ ದುಡ್ಡಿಗೆ ನಾನು ಅಂದುಕೊಂಡಿದ್ದು ಸಿಕ್ಕಿತಾ?’ ಎನ್ನುವುದು ಪ್ರಯಾಣಿಕರದು. ಮೊದಲನೆಯದು ಹಡಗನ್ನು ಅಳೆಯುತ್ತದೆ. ಎರಡನೆಯದು ಆಸೆಗೂ ಅನುಭವಕ್ಕೂ ನಡುವಿನ ದೂರವನ್ನು ಅಳೆಯುತ್ತದೆ. ತೊಂದರೆ ಏನೆಂದರೆ, ಎರಡರ ಉತ್ತರವೂ ಒಂದೇ ರೀತಿಯ ಹಳದಿ ನಕ್ಷತ್ರಗಳಲ್ಲಿ ಬರುತ್ತದೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಹೋಟೆಲ್‌ಗಳಿಗೆ ಎಷ್ಟೋ ದೇಶಗಳಲ್ಲಿ ಅಧಿಕೃತ ಸ್ಟಾರ್ ದರ್ಜೆ ಇದೆ. ಕ್ರೂಸ್ ಹಡಗುಗಳಿಗೆ ಇಡೀ ಜಗತ್ತಿಗೆ ಒಪ್ಪಿಗೆಯಾದ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ‘ಫೈವ್ ಸ್ಟಾರ್ ಹಡಗು’ ಎಂದು ಜಾಹೀರಾತಿನಲ್ಲಿ ಕಂಡರೆ, ಆ ಸ್ಟಾರ್ ಕೊಟ್ಟವರು ಯಾರು ಅಂತ ಕೇಳಲೇಬೇಕು.

ತಜ್ಞರ ಅಳತೆಪಟ್ಟಿ

ಹಡಗಿಗೆ ಅಂಕ ಕೊಡುವ ಕೆಲಸವನ್ನು ಅತಿ ಶಿಸ್ತಿನಿಂದ ಮಾಡಿದವರಲ್ಲಿ ಡಗ್ಲಸ್ ವಾರ್ಡ್ ಒಬ್ಬರು. ಬರ್ಲಿಟ್ಜ್ ಪ್ರಕಾಶನದ ಹೆಸರಿನಲ್ಲಿ 1985ರಲ್ಲಿ ಶುರುವಾದ ಅವರ ಕ್ರೂಸ್ ಕೈಪಿಡಿ ದಶಕಗಳ ಕಾಲ ಪರಿಷ್ಕಾರವಾಗುತ್ತಾ ಬಂತು. ಅದರಲ್ಲಿ ಒಂದೊಂದು ಹಡಗಿಗೂ ಒಟ್ಟು 2,000ಕ್ಕೆ ಅಂಕ. ಹಡಗಿನ ಸ್ಥಿತಿ, ಕ್ಯಾಬಿನ್, ಊಟ, ಸೇವೆ, ಮನರಂಜನೆ ಎಂದು ಬಿಡಿಸಿ ಬಿಡಿಸಿ ಲೆಕ್ಕ. ಜರ್ಮನಿಯ ಹಪಾಗ್-ಲಾಯ್ಡ್ ಕಂಪನಿಯ ‘ಯೂರೋಪಾ 2’ ಥರದ ಸಣ್ಣ, ದುಬಾರಿ ಹಡಗುಗಳು ಆ ಪಟ್ಟಿಯ ತುದಿಯಲ್ಲಿ ಇರುತ್ತಿದ್ದವು. ಇದು ಕಾಕತಾಳೀಯ ಅಲ್ಲ. ತಜ್ಞರು ಹಿಡಿಯುವ ಅಳತೆಪಟ್ಟಿಯೇ ಅಂಥ ಹಡಗಿನ ಕಡೆ ವಾಲುತ್ತದೆ.

ಯಾಕೆ ಅಂತ ನೋಡಲು ಒಂದು ಸಣ್ಣ ಲೆಕ್ಕ ಮಾಡೋಣ. ಕ್ರೂಸ್ ಜಗತ್ತಿನವರು ‘ಸ್ಪೇಸ್ ರೇಶಿಯೊ’ ಎಂಬ ಮಾತು ಪದೇ ಪದೇ ಆಡುತ್ತಾರೆ. ಹಡಗಿನ ಗ್ರಾಸ್ ಟನೇಜ್ ಅನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಬರುವ ಅಂಕಿ ಅದು. ಟನ್ ಅಂದ ತಕ್ಷಣ ತೂಕ ಅಂದುಕೊಳ್ಳಬೇಡಿ. ಗ್ರಾಸ್ ಟನೇಜ್ ಹೇಳುವುದು ಹಡಗಿನ ಒಳಗಿನ ಜಾಗ ಎಷ್ಟು ಎಂಬುದನ್ನು. ಪ್ರಯಾಣಿಕರ ಸಂಖ್ಯೆಯನ್ನೂ ಕ್ಯಾಬಿನ್‌ಗೆ ಇಬ್ಬರಂತೆ ಹಿಡಿಯುತ್ತಾರೆ.

2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟ ರಾಯಲ್ ಕೆರಿಬಿಯನ್‌ನ ‘ಐಕಾನ್ ಆಫ್ ದ ಸೀಸ್’ 2,48,663 ಗ್ರಾಸ್ ಟನ್ನಿನ ಹಡಗು. ಕ್ಯಾಬಿನ್‌ಗೆ ಇಬ್ಬರಂತೆ 5,610 ಜನ. ಭಾಗಿಸಿದರೆ ಸುಮಾರು 44. 2015ರ ‘ವೈಕಿಂಗ್ ಸ್ಟಾರ್’ 47,842 ಟನ್, 930 ಜನ. ಸುಮಾರು 51. 2016ರ ‘ಸೆವೆನ್ ಸೀಸ್ ಎಕ್ಸ್‌ಪ್ಲೋರರ್’ 55 ಸಾವಿರ ಟನ್ನಿನ ಆಸುಪಾಸು, ಜನ ಸುಮಾರು 750. ಹೆಚ್ಚುಕಡಿಮೆ 74. ಅಂದರೆ ವೈಕಿಂಗ್ ಸ್ಟಾರ್‌ಗಿಂತ ಐದು ಪಟ್ಟು ದೊಡ್ಡದಾದ ಹಡಗಿನಲ್ಲಿ ತಲೆಗೆ ಸಿಗುವ ಜಾಗ ಅದಕ್ಕಿಂತ ಕಡಿಮೆ! ಅದೂ ಮೂರನೇ, ನಾಲ್ಕನೇ ಹಾಸಿಗೆಯನ್ನು ಲೆಕ್ಕಕ್ಕೆ ಹಿಡಿಯದೆ. ಮಕ್ಕಳೂ ಸೇರಿ ಎಲ್ಲ ಹಾಸಿಗೆ ತುಂಬಿದರೆ ಐಕಾನ್‌ನಲ್ಲಿ 7,600 ಜನ ಹಿಡಿಯುತ್ತಾರೆ. ಆಗ ಅನುಪಾತ 33ಕ್ಕೆ ಇಳಿಯುತ್ತದೆ. ಶಾಲೆಗೆ ರಜೆ ಇರುವ ವಾರದಲ್ಲಿ ಹೋಗುವವರು ನೆನಪಿಡಬೇಕಾದ ಅಂಕಿ ಇದು. ಕಂಪನಿಯ ಕರಪತ್ರದಲ್ಲಿ ಇದು ಸಾಮಾನ್ಯವಾಗಿ ಸಿಗುವುದಿಲ್ಲ.

ಇದೇ ಥರ ಇನ್ನೊಂದು ಅಂಕಿ, ಒಬ್ಬ ಸಿಬ್ಬಂದಿಗೆ ಎಷ್ಟು ಪ್ರಯಾಣಿಕರು ಎಂಬುದು. ಐಕಾನ್‌ನಲ್ಲಿ 2,350 ಸಿಬ್ಬಂದಿ. ಒಬ್ಬ ಸಿಬ್ಬಂದಿಗೆ ಎರಡೂಕಾಲಕ್ಕಿಂತ (2.25) ಸ್ವಲ್ಪ ಜಾಸ್ತಿ ಪ್ರಯಾಣಿಕರು. ದುಬಾರಿ ಹಡಗುಗಳಲ್ಲಿ ಇದು ಒಂದೂವರೆಗಿಂತ ಕೆಳಗೆ ಇಳಿಯುತ್ತದೆ.

ಜಾಗ ಜಾಸ್ತಿ, ಕೆಲಸದವರು ಜಾಸ್ತಿ. ಅಂಕ ಜಾಸ್ತಿ ಬರದೇ ಇರುತ್ತದೆಯೇ? ಆದರೆ ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳನ್ನು ಕರೆದುಕೊಂಡು ಹೊರಟ ಅಪ್ಪ ಅಮ್ಮನಿಗೆ ಆ 51ರಿಂದ ಏನೂ ಪ್ರಯೋಜನವಿಲ್ಲ. ವೈಕಿಂಗ್ ಕಂಪನಿ 18 ವರ್ಷದ ಒಳಗಿನವರನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಅವರಿಗೆ ಬೇಕಾದದ್ದು ಐಕಾನ್‌ನ ಜಾರುಬಂಡೆ, ಈಜುಕೊಳ, ಗದ್ದಲ. ಆ ಗದ್ದಲಕ್ಕೆ ಅವರು ಐದು ಸ್ಟಾರ್ ಕೊಡುತ್ತಾರೆ, ಅದೇ ಗದ್ದಲಕ್ಕೆ ತಜ್ಞರು ಅಂಕ ಕಳೆದಿರುತ್ತಾರೆ.

ತಜ್ಞರಿಗೆ ಇರುವ ದೊಡ್ಡ ಬಲ ಹೋಲಿಕೆ. ಹತ್ತಾರು ಹಡಗು ಹತ್ತಿ ಇಳಿದ ಕಣ್ಣಿಗೆ, ಈ ಕಂಪನಿಯ ಬಾತ್‌ರೂಮ್ ಇಕ್ಕಟ್ಟು, ಆ ಕಂಪನಿಯ ಬಾಲ್ಕನಿ ಅಗಲ ಎನ್ನುವುದು ತಕ್ಷಣ ಕಾಣುತ್ತದೆ. ಹಡಗಿನಲ್ಲಿರುವ ಹತ್ತು ಬಗೆಯ ಕ್ಯಾಬಿನ್‌ಗಳನ್ನೂ ತೆರೆಸಿ ನೋಡಿರುತ್ತಾರೆ. ಪ್ರಯಾಣಿಕನಿಗೆ ಗೊತ್ತಿರುವುದು ತಾನು ಮಲಗಿದ್ದ ಒಂದೇ ಕ್ಯಾಬಿನ್.

ಆದರೆ ತಜ್ಞರು ಹಡಗನ್ನು ನೋಡುವುದು ಯಾವಾಗ? ಬಹಳ ಸಲ, ಹಡಗು ಹೊಸದಾಗಿ ಬಂದಾಗ, ಎರಡು ಮೂರು ರಾತ್ರಿಯ ಪ್ರದರ್ಶನ ಯಾನದಲ್ಲಿ. ಪತ್ರಕರ್ತರನ್ನೂ ಟ್ರಾವೆಲ್ ಏಜೆಂಟರನ್ನೂ ಕಂಪನಿಯೇ ಕರೆದಿರುತ್ತದೆ. ಕಾರ್ಪೆಟ್ ಹೊಸದು. ಸಿಬ್ಬಂದಿಯ ಮುಖದಲ್ಲಿ ಇನ್ನೂ ಸುಸ್ತು ಬಂದಿಲ್ಲ. ಹಡಗು ತುಂಬಿರುವುದೂ ಅಪರೂಪ, ಹಾಗಾಗಿ ಬಫೆ ಮುಂದೆ ಕ್ಯೂ ಇಲ್ಲ. ಎಷ್ಟೇ ಪ್ರಾಮಾಣಿಕರಾಗಿದ್ದರೂ, ಏಳನೇ ದಿನದ ಬೆಳಿಗ್ಗೆ ಲಿಫ್ಟ್‌ಗಾಗಿ ಹದಿನೈದು ನಿಮಿಷ ಕಾಯುವುದು ಹೇಗಿರುತ್ತದೆ ಎಂಬುದು ಅವರಿಗೆ ಆ ಪ್ರವಾಸದಲ್ಲಿ ಗೊತ್ತಾಗುವುದಿಲ್ಲ. ಟಿಕೆಟ್‌ಗೆ ದುಡ್ಡು ಕೊಟ್ಟಿಲ್ಲವಾದ್ದರಿಂದ ದುಡ್ಡಿನ ನೋವೂ ಇಲ್ಲ. ಪುಕ್ಕಟೆಯಾಗಿ ಪಡೆದದ್ದರ ಬಗ್ಗೆ ಬರೆಯುವಾಗ ಅದನ್ನು ಓದುಗರಿಗೆ ತಿಳಿಸಬೇಕು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಲೇಖನದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಆ ಸಾಲನ್ನು ಮೊದಲು ಓದಿ. ಅದು ಇದ್ದ ಮಾತ್ರಕ್ಕೆ ಬರಹ ಸುಳ್ಳಾಗುವುದಿಲ್ಲ. ಆದರೆ ‘ಕೊಟ್ಟ ದುಡ್ಡಿಗೆ ಮೋಸವಿಲ್ಲ’ ಎಂಬ ಮಾತು ಆ ಲೇಖನದಲ್ಲಿದ್ದರೆ ನಾನಂತೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಯಾಣಿಕರ ಲೆಕ್ಕ ಬೇರೆಯೇ

ಪ್ರಯಾಣಿಕರು ಅಳತೆಪಟ್ಟಿ ಹಿಡಿದು ಹಡಗು ಹತ್ತುವುದಿಲ್ಲ. ಮನಸ್ಸಿನಲ್ಲಿ ಒಂದು ಚಿತ್ರ ಇಟ್ಟುಕೊಂಡು ಹತ್ತುತ್ತಾರೆ. ಹಡಗು ಆ ಚಿತ್ರಕ್ಕಿಂತ ಮೇಲಿದ್ದರೆ ಐದು, ಕೆಳಗಿದ್ದರೆ ಒಂದು. ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ಅಗ್ಗದ ಮೂರು ರಾತ್ರಿಯ ಯಾನಕ್ಕೆ ಹೋದವರು ಏನೂ ನಿರೀಕ್ಷೆ ಇಲ್ಲದೆ ಹೋಗಿ, ಖುಷಿಯಾಗಿ ಬಂದು, ಐದು ಸ್ಟಾರ್ ಒತ್ತುತ್ತಾರೆ. ಅದಕ್ಕಿಂತ ಹತ್ತು ಪಟ್ಟು ದುಡ್ಡು ಕೊಟ್ಟು ಸ್ವೀಟ್ (ದೊಡ್ಡ ಐಷಾರಾಮಿ ಕೋಣೆ) ಬುಕ್ ಮಾಡಿದವರು, ಕಾಫಿ ತಣ್ಣಗಿತ್ತು ಅಂತ ಮೂರು ಕೊಡುತ್ತಾರೆ. ಎರಡು ಅಂಕವನ್ನೂ ಪಕ್ಕ ಪಕ್ಕ ಇಟ್ಟು, ಅಗ್ಗದ ಹಡಗೇ ಮೇಲು ಎಂದು ಯಾರಾದರೂ ತೀರ್ಮಾನಿಸಿದರೆ ನಗು ಬರುವುದಿಲ್ಲವೇ? ದಿನವೂ ಎಷ್ಟೋ ಜನ ಹಾಗೆ ತೀರ್ಮಾನಿಸುತ್ತಲೇ ಇದ್ದಾರೆ.

ಇನ್ನು ಬರೆಯುವವರು ಯಾರು ಎಂಬ ಪ್ರಶ್ನೆ. ಸಾಧಾರಣವಾಗಿ ಹೋಗಿ ಬಂದವರು ಮನೆಗೆ ಬಂದು ಬಟ್ಟೆ ಒಗೆದು ಕೆಲಸಕ್ಕೆ ಹೋಗುತ್ತಾರೆ. ರಿವ್ಯೂ ಬರೆಯಲು ಕೂರುವವರು ತುಂಬಾ ಖುಷಿಯಾದವರು ಅಥವಾ ತುಂಬಾ ಉರಿದವರು. ಹಾಗಾಗಿ ಆನ್‌ಲೈನ್ ರೇಟಿಂಗ್‌ಗಳ ಗ್ರಾಫ್ ಎಷ್ಟೋ ಸಲ ಇಂಗ್ಲಿಷಿನ ಜೆ ಅಕ್ಷರದ ಹಾಗೆ ಇರುತ್ತದೆ. ಒಂದರಲ್ಲಿ ಸಣ್ಣ ಗುಡ್ಡ, ಎರಡು ಮೂರರಲ್ಲಿ ತಗ್ಗು, ಐದರಲ್ಲಿ ದೊಡ್ಡ ಬೆಟ್ಟ. ಇಂಥ ಗ್ರಾಫ್‌ಗೆ ಸರಾಸರಿ ತೆಗೆದರೆ ಬರುವ 3.9 ಎಂಬುದು ಹೆಚ್ಚುಕಡಿಮೆ ಯಾರ ಅನುಭವವೂ ಅಲ್ಲ.

ಒಂದು ಸ್ಟಾರ್‌ಗೆ ಕಾರಣ ಹುಡುಕಿದರೆ ಹಡಗಿನ ತಪ್ಪು ಕಾಣುವುದಕ್ಕಿಂತ ಬೇರೆಯದೇ ಕಾಣುವುದು ಜಾಸ್ತಿ. ಬಿರುಗಾಳಿ ಎದ್ದು ಒಂದು ಬಂದರು ತಪ್ಪಿಹೋಯಿತು. ಆ ದ್ವೀಪಕ್ಕಾಗಿಯೇ ಹೋಗಿದ್ದವರಿಗೆ ಸಿಟ್ಟು ಬರದೇ ಇರದು. ಆದರೆ ಟಿಕೆಟ್ ಒಪ್ಪಂದ ತೆಗೆದು ಓದಿದರೆ, ದಾರಿ ಬದಲಿಸುವ, ಬಂದರು ಬಿಡುವ ಹಕ್ಕನ್ನು ಕಂಪನಿಗಳು ತಮ್ಮ ಕೈಯಲ್ಲೇ ಇಟ್ಟುಕೊಂಡಿರುತ್ತವೆ. ಸಾಮಾನ್ಯವಾಗಿ ಆ ಬಂದರಿನ ಶುಲ್ಕ ವಾಪಸ್ ಬರುತ್ತದೆ, ಅಷ್ಟೇ. ತಜ್ಞರು ಇದನ್ನು ಅಂಕಕ್ಕೆ ಸೇರಿಸುವುದೇ ಇಲ್ಲ, ಮಳೆಗಾಳಿಗೆ ಹಡಗು ಹೊಣೆ ಅಲ್ಲವಲ್ಲ.

ಹೆಚ್ಚುವರಿ ಖರ್ಚಿನ ವಿಷಯ ಮಾತ್ರ ಹಾಗಲ್ಲ. ಇಲ್ಲಿ ನಾನು ಪೂರ್ತಿ ಪ್ರಯಾಣಿಕರ ಪಕ್ಷ. ಡ್ರಿಂಕ್ಸ್ ಪ್ಯಾಕೇಜ್, ವೈ-ಫೈ, ದುಡ್ಡು ಕೊಟ್ಟು ಉಣ್ಣುವ ವಿಶೇಷ ರೆಸ್ಟೋರೆಂಟ್, ತಲೆಗೆ ಇಷ್ಟು ಎಂದು ದಿನವೂ ಬಿಲ್ಲಿಗೆ ತಾನಾಗಿ ಸೇರುವ ಟಿಪ್ಸ್. ತಜ್ಞರ ಲೇಖನದಲ್ಲಿ ಇದೆಲ್ಲ ಕೊನೆಯ ಒಂದು ಪ್ಯಾರಾ. ಪ್ರಯಾಣಿಕರಿಗೆ ಇದು ಇಳಿಯುವ ದಿನದ ಬೆಳಿಗ್ಗೆ ಕೈಗೆ ಬರುವ ಬಿಲ್ಲು. ಯಾವುದೇ ಅನುಭವದಲ್ಲಿ ನಮಗೆ ಚೆನ್ನಾಗಿ ನೆನಪಿರುವುದು ಅದರ ಅತಿ ತೀವ್ರ ಗಳಿಗೆ ಮತ್ತು ಅದರ ಕೊನೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಕ್ರೂಸಿನ ಕೊನೆ ಅಂದರೆ ಸೂಟ್‌ಕೇಸ್ ಎಳೆದುಕೊಂಡು ಕ್ಯೂ ನಿಲ್ಲುವುದು, ಜೊತೆಗೆ ಆ ಬಿಲ್ಲು. ಆರು ದಿನದ ಸಂತೋಷಕ್ಕೆ ಒಂದು ಸ್ಟಾರ್ ಕಡಿಮೆಯಾಗುವುದು ಅಲ್ಲೇ.

ಮತ್ತೆ ಮತ್ತೆ ಹೋಗುವವರ ರಿವ್ಯೂಗೆ ಬೇರೆಯದೇ ರುಚಿ ಇದೆ. ರಾಯಲ್ ಕೆರಿಬಿಯನ್‌ನ ಕ್ರೌನ್ ಆ್ಯಂಡ್ ಆ್ಯಂಕರ್ ಸೊಸೈಟಿ ಮತ್ತೆ ಮತ್ತೆ ಬರುವ ಗ್ರಾಹಕರಿಗಾಗಿ ಇರುವ ಕ್ಲಬ್. ಅದರಲ್ಲಿ ಸಾಮಾನ್ಯ ಕ್ಯಾಬಿನ್‌ನ ಒಂದು ರಾತ್ರಿಗೆ ಒಂದು ಪಾಯಿಂಟ್. 80 ಆದರೆ ಡೈಮಂಡ್. 700 ಆದರೆ ಪಿನಾಕಲ್ ಕ್ಲಬ್. 700 ರಾತ್ರಿ ಅಂದರೆ ಹತ್ತಿರ ಹತ್ತಿರ ಎರಡು ವರ್ಷ ನೀರಿನ ಮೇಲೆ! ಇಂಥವರ ಕಣ್ಣು ತಜ್ಞರಿಗಿಂತ ಚುರುಕು. ದಿಂಬಿನ ಮೇಲೆ ಇಡುತ್ತಿದ್ದ ಚಾಕೊಲೇಟ್ ನಿಂತಿದ್ದು, ದಿನಕ್ಕೆ ಎರಡು ಸಲ ಆಗುತ್ತಿದ್ದ ಕ್ಯಾಬಿನ್ ಸ್ವಚ್ಛತೆ ಒಂದಕ್ಕೆ ಇಳಿದದ್ದು, ಮೆನು ಒಂದು ಸಾಲು ಚಿಕ್ಕದಾದದ್ದು ಮೊದಲು ಗೊತ್ತಾಗುವುದು ಇವರಿಗೇ. ಕಂಪನಿ ಎಲ್ಲಿ ಕೈ ಬಿಗಿ ಮಾಡುತ್ತಿದೆ ಎಂದು ತಿಳಿಯಬೇಕಾದರೆ ಇವರನ್ನು ಓದಬೇಕು. ಆದರೆ ಇವರ ‘ಮೊದಲಿನ ಹಾಗಿಲ್ಲ’ ಎಂಬ ಮಾತು ಮೊದಲ ಸಲ ಹೋಗುವವರಿಗೆ ಅನ್ವಯಿಸುವುದಿಲ್ಲ. ಮೊದಲು ಹೇಗಿತ್ತು ಅಂತ ಅವರು ನೋಡೇ ಇಲ್ಲ.

ಒಂದೇ ಹಡಗಿನೊಳಗೆ ಎರಡು ಹಡಗು ಇರುವುದೂ ಉಂಟು. ನಾರ್ವೇಜಿಯನ್‌ನ ‘ದ ಹೇವನ್’, ಎಂಎಸ್‌ಸಿಯ ‘ಯಾಟ್ ಕ್ಲಬ್’ ಇವೆಲ್ಲ ಆ ಕ್ರೂಸ್ ಕಂಪನಿಗಳ ದೊಡ್ಡ ಹಡಗಿನೊಳಗೆ ಬಾಗಿಲು ಹಾಕಿಕೊಂಡ ಪುಟ್ಟ ಐಷಾರಾಮಿ ಲೋಕಗಳು. ಅವರಿಗೆ ಬೇರೆ ಲಾಂಜ್, ಬೇರೆ ಈಜುಕೊಳದ ಜಾಗ, ಬೇರೆ ಆರೈಕೆ. ಅಲ್ಲಿ ಉಳಿದವರ ಐದು ಸ್ಟಾರ್ ಓದಿ, ಕಿಟಕಿಯಿಲ್ಲದ ಒಳ ಕ್ಯಾಬಿನ್ ಬುಕ್ ಮಾಡಿದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಕಂಪನಿಗೆ ಕೊಟ್ಟ ಅಂಕ ಯಾವ ಹಡಗಿನದು?

ನಾವು ‘ಈ ಕಂಪನಿ ಚೆನ್ನಾಗಿದೆ’ ಅನ್ನುತ್ತೇವೆ. ನಿಜಕ್ಕೂ ಪ್ರಯಾಣ ಮಾಡುವುದು ಒಂದು ಹಡಗಿನಲ್ಲಿ. ರಾಯಲ್ ಕೆರಿಬಿಯನ್ ಹೆಸರಿನಲ್ಲೇ 2024ರ ಐಕಾನ್ ಇದೆ, 1996ರಲ್ಲಿ ಬಂದ ‘ಗ್ರಾಂಜರ್ ಆಫ್ ದ ಸೀಸ್’ ಕೂಡ ಇದೆ. ಗಾತ್ರದಲ್ಲಿ ಎರಡನೆಯದು ಮೊದಲನೆಯದರ ಮೂರನೇ ಒಂದು ಭಾಗವೂ ಇಲ್ಲ. ಎರಡಕ್ಕೂ ಸೇರಿಸಿ ಕಂಪನಿಗೆ ಒಂದು ಅಂಕ ಕೊಟ್ಟರೆ ಅದರಿಂದ ಯಾರಿಗೆ ಏನು ತಿಳಿಯುತ್ತದೆ?

ಹೆಸರು ಬದಲಾದರೆ ಇನ್ನೂ ಕಷ್ಟ. 2013ರ ಫೆಬ್ರವರಿಯಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ‘ಕಾರ್ನಿವಲ್ ಟ್ರಯಂಫ್’ ಹಡಗಿನ ಎಂಜಿನ್ ಕೋಣೆಯಲ್ಲಿ ಬೆಂಕಿ ಬಿತ್ತು. ಕರೆಂಟ್ ಹೋಯಿತು, ಶೌಚಾಲಯ ನಿಂತವು, ಕೊನೆಗೆ ಹಡಗನ್ನು ಅಮೆರಿಕದ ಮೊಬೀಲ್ ಬಂದರಿಗೆ ಎಳೆದುಕೊಂಡು ಬರಬೇಕಾಯಿತು. ಅದೇ ಹಡಗನ್ನು 2019ರಲ್ಲಿ ಭಾರೀ ನವೀಕರಣ ಮಾಡಿ ‘ಕಾರ್ನಿವಲ್ ಸನ್‌ರೈಸ್’ ಎಂದು ಹೆಸರಿಟ್ಟರು. ಒಳಗೆ ತುಂಬಾ ಬದಲಾಗಿದೆ ಎನ್ನುವುದು ಸರಿ. ಆದರೆ ಹೊಸ ಹೆಸರು ಹುಡುಕಿದವರಿಗೆ ಹಳೆಯ ಹೆಸರಿನ ರಿವ್ಯೂಗಳು ಎದುರಿಗೆ ಬರುವುದಿಲ್ಲ. ಇದರ ತಿರುಗುಮುರುಗು ಕಥೆ ಕ್ರಿಸ್ಟಲ್‌ನದು. ಓದುಗರ ಮತದಲ್ಲಿ ವರ್ಷಗಟ್ಟಲೆ ಗೆಲ್ಲುತ್ತಿದ್ದ ಆ ಐಷಾರಾಮಿ ಕಂಪನಿ, ಮಾಲೀಕ ಸಂಸ್ಥೆ ಕುಸಿದಾಗ 2022ರಲ್ಲಿ ನಿಂತಿತು. 2023ರಲ್ಲಿ ಅದೇ ಹೆಸರು, ಅದೇ ಎರಡು ಹಡಗು, ಬೇರೆ ಮಾಲೀಕರೊಂದಿಗೆ ಮತ್ತೆ ಹೊರಟಿತು. 2018ರ ಐದು ಸ್ಟಾರ್ ಯಾರ ಖಾತೆಗೆ?

ಅಂದ ಹಾಗೆ, ಟ್ರಯಂಫ್‌ನಂಥ ಅವಘಡವನ್ನು ತಜ್ಞರ ಅಂಕವಾಗಲಿ ಪ್ರಯಾಣಿಕರ ಸ್ಟಾರ್ ಆಗಲಿ ಮುಂಚೆ ಹೇಳಲಾರವು. ಎಂಜಿನ್ ಕೋಣೆಗೆ ಇಬ್ಬರೂ ಇಳಿಯುವುದಿಲ್ಲ. ಅಡುಗೆಮನೆಯ ವಿಷಯವೂ ಹೀಗೇ. ‘ಹಡಗು ಫಳಫಳ ಅಂತಿತ್ತು’ ಎನ್ನುವವರು ನೋಡಿದ್ದು ಲಾಬಿಯನ್ನು. ಫ್ರಿಜ್‌ನ ಉಷ್ಣತೆ, ಕುಡಿಯುವ ನೀರು, ಈಜುಕೊಳದ ಕ್ಲೋರಿನ್ ನೋಡುವವರು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಹಡಗು ನೈರ್ಮಲ್ಯ ಕಾರ್ಯಕ್ರಮದವರು. 1970ರ ದಶಕದಿಂದ ನಡೆದುಬಂದ ಈ ತಪಾಸಣೆ ಮುನ್ಸೂಚನೆ ಕೊಡದೆ ನಡೆಯುತ್ತದೆ. 100ಕ್ಕೆ ಅಂಕ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ವಿದೇಶಿ ಬಂದರುಗಳ ನಡುವೆ ಓಡಾಡಿ ಅಮೆರಿಕದ ಬಂದರಿಗೆ ಬರುವ ಹಡಗುಗಳಿಗೆ ಮಾತ್ರ ಇದು ಅನ್ವಯ. ಇಂಥ ಹಡಗಿನ ವರದಿ ಸಿಕ್ಕರೆ, ಊಟದ ಬಗ್ಗೆ ಬರೆದ ನೂರು ರಿವ್ಯೂಗಿಂತ ಇದನ್ನು ಮೊದಲು ನೋಡಬೇಕು.

ಎರಡನ್ನೂ ಬೆರೆಸಿದರೆ?

ಕ್ರೂಸ್ ಕ್ರಿಟಿಕ್ ಎಂಬ ತಾಣ 1995ರಿಂದ ಇದೆ, ಈಗ ಟ್ರಿಪ್‌ಅಡ್ವೈಸರ್ ಗುಂಪಿಗೆ ಸೇರಿದೆ. ಅದು ಸಂಪಾದಕರ ರಿವ್ಯೂವನ್ನೂ ಸದಸ್ಯರ ರಿವ್ಯೂವನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ಅಮೆರಿಕದ ಯುಎಸ್ ನ್ಯೂಸ್ ಪತ್ರಿಕೆಯ ಪಟ್ಟಿ ತಜ್ಞರ ಅಭಿಪ್ರಾಯ, ಪ್ರಯಾಣಿಕರ ರೇಟಿಂಗ್, ನೈರ್ಮಲ್ಯ ತಪಾಸಣೆಯ ಅಂಕ ಮೂರನ್ನೂ ಕಲಸಿ ಒಂದು ಸಂಖ್ಯೆ ಮಾಡುವ ದಾರಿ ಹಿಡಿಯಿತು. ನೋಡಲು ಚೆಂದ. ಆದರೆ ಉದ್ದ, ತೂಕ, ಮನಸ್ಸಿನ ಖುಷಿ ಮೂರನ್ನೂ ಕೂಡಿಸಿದ ಹಾಗೆ ಅದು. ಒಂದು ಕಂಪನಿ ಯಾಕೆ ಮೇಲೆ ಬಂತು ಅಂತ ಕೇಳಿದರೆ ಸಂಖ್ಯೆ ಬಾಯಿ ಬಿಡುವುದಿಲ್ಲ.

ಪತ್ರಿಕೆಗಳ ಪ್ರಶಸ್ತಿ ಮೂರನೇ ಜಾತಿ. ಕಾಂಡೆ ನಾಸ್ಟ್ ಟ್ರಾವೆಲರ್‌ನ ‘ರೀಡರ್ಸ್ ಚಾಯ್ಸ್’ ಓದುಗರ ಮತ, ಅದೇ ಪತ್ರಿಕೆಯ ‘ಗೋಲ್ಡ್ ಲಿಸ್ಟ್’ ಸಂಪಾದಕರ ಆಯ್ಕೆ. ಎರಡರ ಬಿರುದೂ ಜಾಹೀರಾತಿನಲ್ಲಿ ಒಂದೇ ಥರ ಹೊಳೆಯುತ್ತವೆ. ಓದುಗರ ಮತವೂ ಎಲ್ಲ ಪ್ರಯಾಣಿಕರ ಮತವಲ್ಲ. ದುಬಾರಿ ಪ್ರವಾಸ ಪತ್ರಿಕೆ ಓದುವವರು ಯಾವ ಹಡಗಿಗೆ ಹೋಗುತ್ತಾರೋ ಅದಕ್ಕೆ ಮತ ಬೀಳುತ್ತದೆ. ಅಲ್ಲಿ ವೈಕಿಂಗ್ ಪದೇ ಪದೇ ಗೆಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ತಜ್ಞರಿಗೂ ಬಳಸುವವರಿಗೂ ಇರುವ ಈ ಅಂತರ ಹಡಗಿಗೆ ಮಾತ್ರ ಸೀಮಿತವಲ್ಲ. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ 120 ಬಗೆಯ 1,272 ವಸ್ತುಗಳನ್ನು ತೆಗೆದುಕೊಂಡು, ಅಮೆಜಾನ್‌ನ ಸ್ಟಾರ್‌ಗಳನ್ನು ವಸ್ತುಗಳನ್ನು ಪರೀಕ್ಷಿಸಿ ಅಂಕ ಕೊಡುವ ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆಯ ಪ್ರಯೋಗಾಲಯದ ಅಂಕಗಳ ಜೊತೆ ಹೋಲಿಸಿತು. ಎರಡಕ್ಕೂ ನಂಟು ತೀರಾ ತೆಳುವಾಗಿತ್ತು. ಜನರ ಸ್ಟಾರ್‌ಗಳು ಬೆಲೆ ಮತ್ತು ಬ್ರ್ಯಾಂಡ್ ಹೆಸರಿನ ಕಡೆಗೂ ವಾಲಿದ್ದವು. ಅವು ಕಾರ್ ಸೀಟು, ಕ್ಯಾಮೆರಾ ಥರದ ವಸ್ತುಗಳು, ಲ್ಯಾಬ್‌ನಲ್ಲಿಟ್ಟು ಪರೀಕ್ಷೆ ಮಾಡಬಹುದು. ಹಡಗಿನಲ್ಲಿ ಕಳೆದ ರಜೆಯನ್ನು ಯಾವ ಲ್ಯಾಬ್‌ನಲ್ಲಿ ಇಡುವುದು?

ನಕಲಿ ರಿವ್ಯೂಗಳ ಬಗ್ಗೆ ಒಂದೇ ಮಾತು. ದುಡ್ಡು ಕೊಟ್ಟು ಬರೆಸುವ, ಮಾರುವ ಸುಳ್ಳು ರಿವ್ಯೂಗಳನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರ್‌ನಿಂದ ನಿಯಮ ತಂದು ನಿಷೇಧಿಸಿದೆ. ಸುಮ್ನೆ ‘ಸೂಪರ್, ಎಲ್ಲರೂ ಹೋಗಿ’ ಎಂದು ಬರೆದ ರಿವ್ಯೂ ನಕಲಿಯೋ ಅಸಲಿಯೋ, ಹೇಗೂ ಉಪಯೋಗಕ್ಕೆ ಬರುವುದಿಲ್ಲ.

ಉಪಯೋಗಕ್ಕೆ ಬರುವುದು ಮೂರು ಸ್ಟಾರ್‌ನವು. ಹೊಗಳಲೂ ಮನಸ್ಸಿದೆ, ಬೇಸರವೂ ಆಗಿದೆ, ಆದ್ದರಿಂದ ಅವರು ಬಿಡಿಸಿ ಬರೆಯುತ್ತಾರೆ. ಕಂಪನಿಯ ಹೆಸರಿನಲ್ಲಿ ಹುಡುಕಬೇಡಿ, ಹಡಗಿನ ಹೆಸರಿನಲ್ಲಿ ಹುಡುಕಿ. ಕಳೆದ ಆರು ತಿಂಗಳಿನವನ್ನು ಮಾತ್ರ ಓದಿ. ಬರೆದವರ ವಯಸ್ಸು, ಜೊತೆಗಿದ್ದವರು, ಹೋದ ತಿಂಗಳು, ಕ್ಯಾಬಿನ್ ಬಗೆ ನಿಮ್ಮದಕ್ಕೆ ಹೊಂದುತ್ತದೆಯೇ ನೋಡಿ. ಹೊಂದಿದರೆ ಅಂಥ ಹತ್ತು ರಿವ್ಯೂ ಸಾಕು, ಹತ್ತು ಸಾವಿರದ ಸರಾಸರಿ ಬೇಡ. ಅದರಲ್ಲಿ ಒಂದೇ ದೂರು ಎರಡು ಮೂರು ಸಲ ಬಂದರೆ ಆಗ ತಜ್ಞರ ಲೇಖನಕ್ಕೆ ವಾಪಸ್ ಹೋಗಿ. ಉದಾಹರಣೆಗೆ, ‘ಬೆಳಿಗ್ಗೆ ಐದಕ್ಕೇ ತಲೆ ಮೇಲೆ ಏನೋ ಎಳೆದಾಡುವ ಸದ್ದು’ ಅಂತ ಮೂವರು ಬರೆದಿದ್ದಾರೆ ಅನ್ನಿ. ಅವರು ಯಾವ ಮಹಡಿಯಲ್ಲಿದ್ದರು ಅಂತ ನೋಡಿಕೊಂಡು, ಹಡಗಿನ ಡೆಕ್ ಪ್ಲಾನ್ (ಮಹಡಿಗಳ ನಕ್ಷೆ) ತೆರೆಯಿರಿ. ಅದರ ಮೇಲಿನ ಮಹಡಿಯಲ್ಲಿ ಈಜುಕೊಳದ ಆರಾಮ ಕುರ್ಚಿಗಳಿದ್ದರೆ ಉತ್ತರ ಸಿಕ್ಕಿತು. ಒಂದು ಮಹಡಿ ಕೆಳಗೆ, ಮೇಲೂ ಕೆಳಗೂ ಬರೀ ಕ್ಯಾಬಿನ್‌ಗಳೇ ಇರುವ ಕಡೆ ಬುಕ್ ಮಾಡಿ.